ಗುಡ್‌ವಿಲ್ ಅಂದ್ರ ಯಾರ ಗುಡ್‌ವಿಲ್ರಿ?

ಬದನಿಕಾಯಿ ತಗೋಬೇಕಾದ್ರ ನಾವು ಏನೇನ್ ಮಾಡ್ತೀವಿ, ಒಂದ್ಸಲ ನೆನಪು ಮಾಡ್ಕೋರಿ. ಜನತಾ ಬಜಾರದಾಗ ಬುಟ್ಟಿ ಮುಂದ ಕೂತು ಒಂದೊಂದ ಕಾಯಿ ತಿರುವಿ ನೋಡ್ತೀವಿ. ತೊಟ್ಟು ಹಸರ ಅದನೋ ಇಲ್ಲೋ, ಎಲ್ಲೆರ ಹುಳಕ ತೂತು ಅದನೋ ಅಂತ. ಮನಿಗೆ ತಂದ ಮ್ಯಾಲ ಒಂದು ಹುಳಕ ಬಂದ್ರ ಮುಂದಿನ ವಾರ ಆ ಬುಟ್ಟಿ ಮುಂದ ನಿಂತು "ಏನಬೇ ಯವ್ವಾ, ಎಂಥಾ ಕಾಯಿ ಹಾಕಿದ್ದಿ" ಅಂತ ಕೇಳೇ ಕೇಳ್ತೀವಿ. ಆಕಿ ಬಾಯಿ ಮಾಡದ ಒಂದರ ಬದ್ಲಿ ಎರಡು ಕಾಯಿ ಚೀಲಕ್ಕ ಹಾಕ್ತಾಳ. ಆಕಿ ಹತ್ರ ವಾರಂಟಿ ಪುಸ್ತಕ ಇಲ್ಲ, ಕಸ್ಟಮರ್ ಕೇರ್ ನಂಬರ್ ಇಲ್ಲ. ಮಾರಿದ ಮಾಲಿಗೆ ಮಾರಿದವರ ಜವಾಬ್ದಾರಿ ಅನ್ನೋದು ಆಕಿಗೆ ಯಾರೂ ಕಲಿಸಬೇಕಾಗಿಲ್ಲ.

ಇದ ನಾವು 11 ಲಕ್ಷ ಕೊಟ್ಟು ಕಾರು ತಗೋಬೇಕಾದ್ರ? 2021ರ ದೀಪಾವಳಿ ಪಾಡ್ಯಾಕ್ಕ ಗಾಡಿ ಮನಿ ಮುಂದ ಇರಬೇಕು, ಬಣ್ಣ ಬಿಳೀದ ಬೇಕು, ನಂಬರ್ ಕೂಡಿಸಿದ್ರ ಆರು ಬರಬೇಕು. ಇಷ್ಟ ನಮ್ಮ ಹಟ. ಇಪ್ಪತ್ತು ಕಡೆ ಸಹಿ ಮಾಡ್ರಿ ಅಂದ್ರು, ಮಾಡಿದ್ವಿ. ಕೇಕ್ ಕತ್ತರಿಸಿದ್ವಿ, ದೊಡ್ಡ ಚಾವಿ ಹಿಡದು ಫೋಟೋ ತಗಸ್ಕೊಂಡ್ವಿ, ನುಗ್ಗಿಕೇರಿ ಹನಮಪ್ಪನ ಗುಡಿ ಮುಂದ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ಪೂಜಾ ಮಾಡಿಸಿ ಮನಿಗೆ ಬಂದ್ವಿ. ವಾರಂಟಿ ಪುಸ್ತಕ ಮಾತ್ರ ಡ್ಯಾಶ್‌ಬೋರ್ಡಿನ ಖಾನೆದಾಗ ಪ್ಲಾಸ್ಟಿಕ್ ಚೀಲದ ಸಮೇತ ಹಂಗ ಕೂತಿತ್ತು. ಅದು ನಮ್ಮ ತಪ್ಪು, ಒಪ್ಪಿಕೋತೀನಿ. ಆದ್ರ ನಮ್ಮ ತಪ್ಪು ಅಲ್ಲಿಗೆ ಮುಗೀತು.

ಗಾಡಿ ಮಾರೂ ಹುಡುಗ ಅವತ್ತ ಕೇಳಿದ್ದ, ಎಲ್ಲೆಲ್ಲೆ ಓಡಸ್ತೀರಿ ಅಂತ. ನಮ್ಮನಿಯವರು ಖರೇನ ಹೇಳಿದ್ರು. ಕೇಶ್ವಾಪುರದಿಂದ ಹುಡುಗರ ಸಾಲಿ, ದುರ್ಗದ ಬೈಲು, ವಾರಕ್ಕೊಮ್ಮೆ ಮಾವನವರನ್ನ ವಿದ್ಯಾನಗರದ ಕಡೆ ದವಾಖಾನಿಗೆ. ಎಲ್ಲಾ ಕೂಡಿ ದಿನಕ್ಕ ಹತ್ತು ಹನ್ನೆರಡು ಕಿಲೋಮೀಟರ್. ಧಾರವಾಡಕ್ಕ ಹೋಗೂದಿದ್ರ ನಾವು ಚಿಗರಿ ಬಸ್ಸಿನಾಗ ಹೋಗ್ತೀವಿ. ಏಸಿ ಇರ್ತದ, ಗಾಡಿ ನಿಲ್ಲಸ್ಲಿಕ್ಕೆ ಜಾಗಾ ಹುಡುಕೂ ತ್ರಾಸ ಇಲ್ಲ. ಇಷ್ಟೆಲ್ಲಾ ಕೇಳಿದ ಮ್ಯಾಲೂ ಆ ಹುಡುಗ ಅಂದ, "ಡೀಸಲ್ಲ ತಗೋರಿ ಸರ್, ಮೈಲೇಜ್ ಭಾಳ ಕೊಡ್ತದ."

ಆಂವಾ ಹೇಳದ ಬಿಟ್ಟ ಮಾತು ಏನಿತ್ತು ಅಂದ್ರ: 2020ರ ಏಪ್ರಿಲ್ 1ರಿಂದ ದೇಶದಾಗ ಬಿಎಸ್-6 ಅನ್ನೋ ಮಾಲಿನ್ಯದ ನಿಯಮ ಬಂತು. ಡೀಸಲ್ ಗಾಡಿ ಹೊಗಿಯೊಳಗಿನ ಕಾಡಿಗಿ ಹೊರಗ ಬೀಳಬಾರದು ಅಂತ ಹೊಗಿ ಕೊಳವಿಯೊಳಗ ಒಂದು ಫಿಲ್ಟರ್ ಕೂಡಿಸ್ತಾರ. ಡಿಪಿಎಫ್ ಅಂತ ಅದರ ಹೆಸರು. ಚಹಾ ಸೋಸೂ ಜಾಳಿಗಿ ಇದ್ದಂಗ ತಿಳ್ಕೋರಿ, ಚಹಾಪುಡಿ ಬದ್ಲಿ ಕಾಡಿಗಿ ಹಿಡೀತದ. ಜಾಳಿಗಿ ತುಂಬಿದ್ರ ನಾವು ತೊಳೀತೀವಿ. ಇದು ತಾನ ತನ್ನ ಕಾಡಿಗಿ ಸುಟ್ಕೋಬೇಕು. ಅದಕ್ಕ ಸುಮಾರು 600 ಡಿಗ್ರಿ ಕಾವು ಬೇಕು. ಆ ಕಾವು ಬರಬೇಕಂದ್ರ ಗಾಡಿ ನಿಲ್ಲದ, ಒಂದ ವೇಗದಾಗ, ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಸಾಲಿಗೆ ಎರಡು ಕಿಲೋಮೀಟರ್ ಹೋಗಿ ಇಂಜಿನ್ ಬಂದ್ ಮಾಡಿದ್ರ ಕಾಡಿಗಿ ಸುಡೂದಿಲ್ಲ, ಕೂಡ್ತದ. ಸುಡೂದು ಅರ್ಧಕ್ಕ ನಿಂತು ನಿಂತು ಡೀಸಲ್ ಇಂಜಿನ್ ಆಯಿಲ್ಲಿನಾಗೂ ಸೇರ್ತದ. ಹಿಂಗಾಗಿ ಊರಾಗ ಅಷ್ಟ ಓಡಸೂ ಮನಿಗೆ ಈ ಗಾಡಿ ಹೊಂದೂದ ಇಲ್ಲ. ಇದು ಗುಟ್ಟಿನ ಮಾತಲ್ಲ, ಗಾಡಿ ಮಾಡೂ ಪ್ರತಿಯೊಬ್ಬರಿಗೂ ಗೊತ್ತಿದ್ದದ್ದು.

2023ರ ಬ್ಯಾಸಗಿಯೊಳಗ ಮೊದಲನೇ ಸಲ ಹಳದಿ ದೀಪ ಹತ್ತಿತು. ಸರ್ವಿಸ್ ಸೆಂಟರ್‌ಗೆ ಒಯ್ದ್ರ ಅಲ್ಲಿಯವರು ನಕ್ಕೋತ ಹೇಳಿದ್ರು, "ನೀವು ಗಾಡಿ ಸರಿ ಓಡಸೂದಿಲ್ಲ ಮೇಡಂ. ಬೈಪಾಸಿಗೆ ಹೋಗಿ ಇಪ್ಪತ್ತು ನಿಮಿಷ ಜೋರಾಗಿ ಓಡಿಸಿ ಬರ್ರಿ, ದೀಪ ಆರ್ತದ."

ಬೈಪಾಸ್ ಅಂದ್ರ ಯಾವ ಬೈಪಾಸ್ರಿ? ಗಬ್ಬೂರಿಂದ ನರೇಂದ್ರತನಕ ಇರೋದು. ಅವಾಗ ಅಲ್ಲೆ ಎದುರಾಬದುರ ಲಾರಿ, ನಡುವ ಒಂದು ಬಿಳೀ ಗೀಟು ಅಷ್ಟ ಇತ್ತು. 2021ರ ಜನವರಿಯೊಳಗ ಇಟಿಗಟ್ಟಿ ಹತ್ರ ದಾವಣಗೆರಿ ಗೆಳತ್ಯಾರು ಗೋವಾಕ್ಕ ಹೊಂಟಾಗ ಏನಾತು ಅನ್ನೋದು ಈ ಊರಿನ ಯಾವ ಹೆಣ್ಣುಮಗಳೂ ಮರ್ತಿಲ್ಲ. ಆ ರಸ್ತಾದ ಮ್ಯಾಲ ನಾನು ಕೆಲಸಿಲ್ಲದ, ಬರೇ ಒಂದು ಜಾಳಿಗಿ ಸ್ವಚ್ಛ ಮಾಡ್ಲಿಕ್ಕೆ, ನನ್ನ ರೊಕ್ಕದ ಡೀಸಲ್ ಸುಟ್ಟು, ಜೋರಾಗಿ ಗಾಡಿ ಓಡಿಸಿ ಬರಬೇಕಂತ! ಮಿಕ್ಸರ್ ಮಾರಿದವಾ "ತಿಂಗಳಿಗೊಮ್ಮೆ ಗಿರಣಿಗೆ ಒಯ್ದು ಐದು ಕಿಲೋ ಜೋಳ ಬೀಸ್ಕೊಂಡು ಬರ್ರಿ, ಆಮ್ಯಾಲ ಚಟ್ನಿ ಆಗ್ತದ" ಅಂದ್ರ ನಾವು ಸುಮ್ನಿರ್ತೀವೇನು?

ಎರಡನೇ ಸಲ ದೀಪ ಹತ್ತಿದಾಗ ಯಂತ್ರ ಹಚ್ಚಿ ಕಾಡಿಗಿ ಸುಟ್ರು, ಆಯಿಲ್ ಬದಲಿ ಮಾಡಿದ್ರು. ಬಿಲ್ಲು 9,400. ಮೂರನೇ ಸಲ, 2024ರ ಫೆಬ್ರುವರಿಯೊಳಗ, ಮಾವನವರನ್ನ ದವಾಖಾನಿಗೆ ಕರ್ಕೊಂಡು ಹೊಂಟಾಗ ಗಾಡಿ ಎಳೀಲೇ ಇಲ್ಲ. ಹೊಸೂರ ಸರ್ಕಲ್ಲಿನಾಗ ನಿಂತು ರಿಕ್ಷಾ ಮಾಡಿ ಅವರನ್ನ ಕಳಿಸಿದೆ. ಈ ಸಲ ಸರ್ವಿಸ್ ಸೆಂಟರಿನವರು ಫಿಲ್ಟರ್‌ನ ಹಾಳಾಗೇದ ಅಂದ್ರು. ಹೊಸಾದಕ್ಕ 92,000 ರೂಪಾಯಿ. ವಾರಂಟಿ ಇನ್ನೂ ಒಂಬತ್ತು ತಿಂಗಳ ಬಾಕಿ ಇತ್ತು. "ಇದು ವಾರಂಟಿಗೆ ಬರೂದಿಲ್ರಿ ಮೇಡಂ, ಬಳಕಿಯಿಂದ ಹಾಳಾದದ್ದು."

ನಾ ಒಂದ ಮಾತು ಕೇಳಿದೆ. "ಛಲೋ ಆತು. ಇದನ್ನ ಬರದು ಕೊಡ್ರಿ. ಏನು ಹಾಳಾಗೇದ, ಯಾಕ ಹಾಳಾಗೇದ, ವಾರಂಟಿ ಪುಸ್ತಕದ ಯಾವ ಪುಟದಾಗ ಇದು ಬರೂದಿಲ್ಲ ಅಂತ ಅದ, ಇಷ್ಟು ಬರದು ನಿಮ್ಮ ಸಹಿ ಹಾಕ್ರಿ."

ಅಲ್ಲೀತನಕ ಬಾಯಿ ತುಂಬ ಮಾತಾಡಿದವರು ಅವಾಗ ಸುಮ್ಮಾದ್ರು. "ಹಂಗ ಬರದು ಕೊಡೂ ಪದ್ಧತಿ ಇಲ್ರಿ ಮೇಡಂ" ಅಂದ್ರು. ಬಾಯಿಲೆ ಹೇಳ್ಲಿಕ್ಕೆ ಬರ್ತದ, ಕಾಗದದ ಮ್ಯಾಲ ಬರೀಲಿಕ್ಕೆ ಬರೂದಿಲ್ಲ ಅಂದ್ರ ಆ ಮಾತಿನಾಗ ಎಷ್ಟು ಹುರುಳದ, ನೀವ ಹೇಳ್ರಿ.

ಕಂಪನಿಗೆ ಈಮೇಲ್ ಬರದೆ. ಉತ್ತರ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚಿ ದೂರು ಬರಸಿದೆ. ಎಂಟು ದಿನದಾಗ ಕಂಪನಿಯಿಂದ ಫೋನ್ ಬಂತು, ದನಿ ಜೇನಿನಂಗ. "ಮೇಡಂ, ವಾರಂಟಿಯೊಳಗ ಬರೂದಿಲ್ಲ, ಆದ್ರೂ ನಿಮ್ಮಂಥಾ ಕಸ್ಟಮರ್ ಅಂತ ಗುಡ್‌ವಿಲ್ ಮ್ಯಾಲ ಐವತ್ತು ಪರ್ಸೆಂಟ್ ನಾವ ಕೊಡ್ತೀವಿ."

ಈ ಗುಡ್‌ವಿಲ್ ಅನ್ನೋ ಶಬ್ದದ ಮ್ಯಾಲ ನನ್ನ ಸಿಟ್ಟು. ಯಾರ ಗುಡ್‌ವಿಲ್ರಿ ಇದು? ನಾ ಏನು ಅವರ ಬಾಗಲಿಗೆ ಜೋಳಗಿ ಹಿಡ್ಕೊಂಡು ಹೋಗಿದ್ನೇನು? ಗಾಡಿ ಅವರದ ತಪ್ಪಿನಿಂದ ಹಾಳಾಗಿದ್ರ ಪೂರ್ತಿ ರೊಕ್ಕ ಅವರ ಕೊಡಬೇಕು. ನನ್ನ ತಪ್ಪಿನಿಂದ ಹಾಳಾಗಿದ್ರ ಒಂದು ರೂಪಾಯಿನೂ ಕೊಡಬೇಕಾಗಿಲ್ಲ. ಅರ್ಧ ಕೊಡ್ತೀವಿ ಅಂದ್ರ ಏನರ್ಥ? ತಪ್ಪು ತಮ್ಮದು ಅಂತ ಗೊತ್ತದ, ಒಪ್ಪಿಕೊಳ್ಳೂ ಮನಸ್ಸಿಲ್ಲ ಅಂತ. ಒಪ್ಪಿಕೊಂಡ್ರ ನಾಳೆ ಇದ ಗಾಡಿ ತಗೊಂಡ ನೂರು ಮಂದಿ ಬಂದು ನಿಲ್ತಾರ. ದಾನ ಅಂದ್ರ ಕೇಳಿದವರಿಗಷ್ಟ ಕೊಟ್ಟು, ಕೇಳದವರಿಂದ ಪೂರಾ ವಸೂಲಿ ಮಾಡಬಹುದು. ಹಕ್ಕನ್ನ ದಾನ ಮಾಡೂ ಮಸಲತ್ತು ಇದ.

"ಪುಸ್ತಕದಾಗ ಬರದೀವಲ್ಲ" ಅಂತ ಅವರ ವಾದ. ಹೌದು, ಬರದಾರ. ಇನ್ನೂರ ಪುಟ ದಾಟಿದ ಮ್ಯಾಲ, ಇಂಗ್ಲಿಷಿನಾಗ, ಗಾಡಿ ತಗೊಂಡ ಮ್ಯಾಲ ಕೈಗೆ ಬರೂ ಪುಸ್ತಕದಾಗ. ರೊಕ್ಕ ಕೊಡೂಕಿಂತ ಮೊದಲು ಹೇಳಬೇಕಾದ ಮಾತನ್ನ ರೊಕ್ಕ ತಗೊಂಡ ಮ್ಯಾಲ ಅಚ್ಚು ಹಾಕಿಸಿ ಕೊಟ್ರ ಅದು ಹೇಳಿದಂಗ ಆಗೂದಿಲ್ಲ. ನಮ್ಮ ದೇಶದ ಕಾನೂನೂ ಇದ ಹೇಳ್ತದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈದಿಂದ ಜಾರಿಯೊಳಗ ಅದ. ಗ್ರಾಹಕರಿಗೆ ಬೇಕಾದ ಮಾಹಿತಿ ಗೊತ್ತಿದ್ದೂ ಮುಚ್ಚಿಟ್ರ ಅದು ಸೇವೆಯ ನ್ಯೂನತೆ ಅಂತ ಅದರ ವ್ಯಾಖ್ಯಾನದಾಗ ಸ್ಪಷ್ಟ ಅದ. ಮಾರುತಿ ಕಂಪನಿ 2020ರ ಏಪ್ರಿಲ್‌ದಿಂದ ಡೀಸಲ್ ಕಾರು ಮಾಡೂದನ್ನ ಬಿಟ್ಟೇ ಬಿಡ್ತು. ಬ್ಯಾರೆಯವರು ಮಾರ್ಲಿ, ನನ್ನದೇನು ತಕರಾರಿಲ್ಲ. ದಿನಾ ಬೆಳಗಾವಿಗೆ ಹೋಗಿ ಬರೂವರಿಗೆ ಅದು ಛಲೋ ಗಾಡಿನ. ಫಿಲ್ಟರ್ ಬ್ಯಾಡ ಅಂತನೂ ನಾ ಅನ್ನೂದಿಲ್ಲ. ಆ ಕಾಡಿಗಿ ಹೊರಗ ಬಿದ್ರ ಸೇದೂವು ನಮ್ಮ ಹುಡುಗ್ರ. ಆದ್ರ ದಿನಕ್ಕ ಹತ್ತು ಕಿಲೋಮೀಟರ್ ಅಂತ ಹೇಳಿದ ಮನಿಗೆ ಅದನ್ನ ಮಾರಬ್ಯಾಡ್ರಿ. ಮಾರಿದ್ರ ಅದರ ಹೊರೆ ನೀವ ಹೊರ್ರಿ.

ಹಳೇ ಹುಬ್ಬಳ್ಳಿ ಗ್ಯಾರೇಜಿನ ಮಿಸ್ತ್ರಿ ಒಬ್ಬಾತ ನಮ್ಮ ಹಳೇ ಗಾಡಿ ಹನ್ನೆರಡು ವರ್ಷ ನೋಡಿದಾಂವಾ. ಆತನಿಗೆ ತೋರಿಸಿದ್ರ ಒಂದ ಮಾತಿನಾಗ ಮುಗಿಸಿದ, "ಅಕ್ಕಾರ, ಗಾಡಿ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ನಿಮಗ ಮಾರಿದ್ದ ತಪ್ಪೈತಿ." ಮುಟ್ಲಿಕ್ಕೆ ಮಾತ್ರ ಅಂಜಿದ. ಹೊರಗಿನವರು ಕೈ ಹಚ್ಚಿದ್ರ ವಾರಂಟಿ ಹೋಗ್ತದ ಅಂತ ಶೋರೂಮಿನವರು ಎಲ್ಲಾರ ತಲಿಯೊಳಗ ತುಂಬಿಟ್ಟಾರ. ಇದನ್ನ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಾಗ ತಪ್ಪು ಅಂತ ಹೇಳೇದ. ಬಿಡಿಭಾಗ ಪ್ಯಾಟಿಯೊಳಗ ಸಿಗದಂಗ ಮಾಡಿ, ಹೊರಗಿನ ಗ್ಯಾರೇಜಿಗೆ ಹೋದ್ರ ವಾರಂಟಿ ಕೊಡೂದಿಲ್ಲ ಅಂತ ಕಟ್ಟು ಹಾಕಿದ್ದಕ್ಕ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗಿನ ರಿಪೇರಿಯಿಂದ ಹಾಳಾದ ಭಾಗದಷ್ಟಕ್ಕ ವಾರಂಟಿ ನಿರಾಕರಿಸ್ರಿ, ಇಡೀ ಗಾಡಿದಲ್ಲ ಅನ್ನೋದು ಆ ಆದೇಶದ ತಿರುಳು. ಕಂಪನಿಗಳು ಮೇಲ್ಮನವಿಗೆ ಹೋದ್ವು. ದಂಡದ ಮಾತು ಬಿಡ್ರಿ, ನ್ಯಾಯದ ಮಾತಂತೂ ಹಳೇದಾಗಿಲ್ಲ.

ಈಗ ಪೆಟ್ರೋಲ್ ಗಾಡಿಯವರದೂ ಇದ ಪಾಡು ಬಂದದ. 20 ಪರ್ಸೆಂಟ್ ಎಥನಾಲ್ ಕೂಡಿಸಿದ ಪೆಟ್ರೋಲ್ ಎಲ್ಲಾ ಪಂಪಿಗೂ ಬಂತು. 2025ರ ಆಗಸ್ಟ್‌ನಾಗ ಸರಕಾರನ ಹೇಳಿತು, ಹಳೇ ಗಾಡಿಗಳ ಮೈಲೇಜ್ 3ರಿಂದ 6 ಪರ್ಸೆಂಟ್ ಕಡಿಮಿ ಆಗಬಹುದು, ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು ಅಂತ. ಬದಲಿಸೂ ರೊಕ್ಕ ಯಾರದು? ಪಂಪಿನವರದಲ್ಲ, ಕಂಪನಿಯವರದಲ್ಲ. ಮತ್ತ ನಮ್ಮದ.

ಸರ್ವಿಸ್ ಸೆಂಟರಿನ ಹುಡುಗ್ರ ಮ್ಯಾಲ ನನಗ ಸಿಟ್ಟಿಲ್ಲ. ಮ್ಯಾಲಿನವರು ಹೇಳಿಕೊಟ್ಟ ಪಾಠ ಅವು ಒಪ್ಪಸ್ತಾವ, ದಿನಾ ಬೈಸ್ಕೋತಾವ. ಸಿಟ್ಟಿರೋದು ಪಾಠ ಬರದವರ ಮ್ಯಾಲ. ಮತ್ತ "ಹೋಗ್ಲಿ ಬಿಡು" ಅನ್ನೋ ನಮ್ಮ ರೂಢಿ ಮ್ಯಾಲ.

ಅದಕ್ಕ ಹೇಳ್ತೀನಿ, ಗಾಡಿ ತಗೊಳ್ಳೂಕಿಂತ ಮೊದಲು ನಿಮ್ಮ ದಿನದ ಓಡಾಟ ಎಷ್ಟು ಅಂತ ಬರದು ಶೋರೂಮಿಗೆ ಮೆಸೇಜ್ ಹಾಕ್ರಿ, ಉತ್ತರ ಜ್ವಾಪಾನ ಇಡ್ರಿ. ಸರ್ವಿಸ್‌ಗೆ ಬಿಟ್ಟಾಗ ನೀವು ಹೇಳಿದ ತ್ರಾಸ ನಿಮ್ಮ ಮಾತಿನಾಗ ಜಾಬ್ ಕಾರ್ಡಿನ ಮ್ಯಾಲ ಬಂದದೋ ಇಲ್ಲೋ ನೋಡ್ರಿ. ತಗದ ಹಳೇ ಭಾಗ ತೋರಸ್ರಿ ಅನ್ರಿ. ವಾರಂಟಿಗೆ ಬರೂದಿಲ್ಲ ಅಂದ್ರ ಬರದು ಕೊಡ್ರಿ ಅನ್ರಿ, ಕೊಡದಿದ್ರ ನೀವ ಈಮೇಲ್ ಮಾಡಿ "ಇವತ್ತು ನೀವು ಹಿಂಗ ಹೇಳಿದ್ರಿ" ಅಂತ ದಾಖಲು ಮಾಡ್ರಿ. ಆಮ್ಯಾಲೂ ಆಗಲಿಲ್ಲಂದ್ರ ಧಾರವಾಡದಾಗ ಜಿಲ್ಲಾ ಗ್ರಾಹಕರ ಆಯೋಗ ಅದ. ಕಂಪನಿ ಚೆನ್ನೈದಾಗಿರ್ಲಿ, ಪುಣೆದಾಗಿರ್ಲಿ, ನೀವು ಇರೋ ಊರಿನಾಗ ದೂರು ಹಾಕ್ಲಿಕ್ಕೆ ಬರ್ತದ. ಎರಡು ವರ್ಷದೊಳಗ ಹಾಕಬೇಕು. ವಕೀಲರು ಇರಲೇಬೇಕಂತಿಲ್ಲ. 10ರಿಂದ 20 ಲಕ್ಷದ ಗಾಡಿಗೆ ಫೀ 400 ರೂಪಾಯಿ, ಅಂದ್ರ ಮನಿ ಮಂದಿ ಒಂದ್ಸಲ ಹೊರಗ ನಾಷ್ಟಾ ಮಾಡಿದಷ್ಟು.

ಇಷ್ಟೆಲ್ಲಾ ಗೊತ್ತಿದ್ದಾಕಿ ನೀ ಏನ್ ಮಾಡಿದಿ ಅಂತ ಕೇಳ್ತೀರಿ. ಕೇಳಬೇಕಾದ್ದ. ಗಾಡಿ ಹದಿನೇಳು ದಿವಸ ಅವರ ಶೆಡ್ಡಿನಾಗ ನಿಂತಿತ್ತು. ಮಾವನವರಿಗೆ ದವಾಖಾನಿ ತಪ್ಪಸೂಹಂಗಿರಲಿಲ್ಲ, ದಿನಾ ರಿಕ್ಷಾದಾಗ ಏರಿಸಿ ಇಳಿಸೂದು ನೋಡ್ಲಿಕ್ಕೆ ಆಗ್ತಿರಲಿಲ್ಲ. "ಸಾಕು, ಅರ್ಧರ ಬಂತಲ್ಲ, ಮುಗಿಸಿಬಿಡು" ಅಂದ್ರು ನಮ್ಮನಿಯವರು. 46,000 ಕಟ್ಟಿ, "ಇನ್ನು ನನ್ನದು ಯಾವ ತಕರಾರೂ ಇಲ್ಲ" ಅನ್ನೋ ಕಾಗದಕ್ಕ ನಾನೂ ಸಹಿ ಮಾಡಿದೆ. ನನಗ ನಾಲ್ಕು ಸಾಲು ಬರದು ಕೊಡ್ಲಿಕ್ಕೆ ಪದ್ಧತಿ ಇಲ್ಲ ಅಂದವರ ಹತ್ರ ಆ ಕಾಗದ ಮಾತ್ರ ಅಚ್ಚಾಗಿ ತಯಾರಿತ್ತು.

ಆ ಸಹಿ ಇನ್ನೂ ಚುಚ್ಚತದ. ನಿಮ್ಮ ಮುಂದ ಅಂಥಾ ಕಾಗದ ಬಂದಾಗ ಪೆನ್ ತಗೊಳ್ಳೂಕಿಂತ ಮೊದಲು ಜನತಾ ಬಜಾರದ ಆ ಬದನಿಕಾಯಿ ಅವ್ವನ್ನ ಒಂದ್ಸಲ ನೆನಸ್ರಿ. ಆಕಿ ಕೊಟ್ಟ ಎರಡು ಕಾಯಿಗೆ ಆಕಿ ಗುಡ್‌ವಿಲ್ ಅಂತ ಹೆಸರಿಡಲಿಲ್ಲ.