ಶಬ್ದದ ದಾರಿಯನ್ನು ಮಕ್ಕಳೇ ಜೋಡಿಸಲಿ

ಪ್ರೌಢಶಾಲೆಯ ‘ಶಬ್ದ’ ಘಟಕಕ್ಕೆ ಪಾಠಯೋಜನೆ ಬರೆಯುವಾಗ ತಂತ್ರಜ್ಞಾನದ ಬಳಕೆ ಎಂಬಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ‘ವಿಡಿಯೊ ಪ್ರದರ್ಶನ’ ಎಂದು ಬರೆದು ಮುಗಿಸುತ್ತೇವೆ. ಮಕ್ಕಳು ಅಲೆಯ ಚಿತ್ರ ನೋಡುತ್ತಾರೆ, ವ್ಯಾಖ್ಯೆ ಬರೆದುಕೊಳ್ಳುತ್ತಾರೆ. ಆದರೂ ಆವೃತ್ತಿ ಹೆಚ್ಚಿದರೆ ಏನಾಗುತ್ತದೆ ಎಂದು ಕೇಳಿದರೆ ‘ಶಬ್ದ ಜೋರಾಗುತ್ತದೆ’ ಎಂಬ ಉತ್ತರ ಬರುವುದುಂಟು. ಈ ಗೊಂದಲ ಹೋಗಬೇಕಾದರೆ ತೋರಿಸುವುದು ಸಾಲದು, ಶಬ್ದವನ್ನು ಮಕ್ಕಳೇ ಜೋಡಿಸಬೇಕು. ಅದಕ್ಕೆ ಪ್ಯೂರ್ ಡೇಟಾ ಒಳ್ಳೆಯ ಸಾಧನ ಎಂಬುದು ನನ್ನ ಅಭಿಪ್ರಾಯ.

ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ರೂಪಿಸಿದ ಈ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಲ್ಲಿ ಸಾಲುಸಾಲಾಗಿ ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಪೆಟ್ಟಿಗೆಗಳನ್ನಿಟ್ಟು, ಒಂದರ ಕೆಳಗಿನ ಕಿಂಡಿಯಿಂದ ಇನ್ನೊಂದರ ಮೇಲಿನ ಕಿಂಡಿಗೆ ತಂತಿ ಎಳೆದರಾಯಿತು. ದಪ್ಪ ತಂತಿಯಲ್ಲಿ ಶಬ್ದದ ಸಂಕೇತ ಹರಿಯುತ್ತದೆ. ತೆಳು ತಂತಿಯಲ್ಲಿ ಸಂಖ್ಯೆಯಂಥ ಸಂದೇಶಗಳು.

ಮೊದಲ ಪಾಠಕ್ಕೆ ಮೂರೇ ಪೆಟ್ಟಿಗೆ ಸಾಕು: ಆಂದೋಲಕ, ಗುಣಾಕಾರ, ಸ್ಪೀಕರ್. ಆಂದೋಲಕದಲ್ಲಿ 440, ಗುಣಾಕಾರದಲ್ಲಿ 0.1 ಇರಲಿ. 440 ಅನ್ನು 880 ಮಾಡಿದರೆ ಸ್ವರ ಮೇಲೇರುತ್ತದೆ, ಕಂಪನವಿಸ್ತಾರ ಇದ್ದಲ್ಲೇ ಇರುತ್ತದೆ. 0.1 ಅನ್ನು 0.2 ಮಾಡಿದರೆ ಶಬ್ದ ಜೋರಾಗುತ್ತದೆ, ಸ್ವರ ಬದಲಾಗುವುದಿಲ್ಲ. ಮಗು ಬೆರೆಸಿಬಿಡುವ ಎರಡು ಪರಿಮಾಣಗಳು ಇಲ್ಲಿ ಎರಡು ಬೇರೆ ಪೆಟ್ಟಿಗೆಗಳಲ್ಲೇ ಕುಳಿತಿವೆ.

ಮುಂದೆ 443ರ ಇನ್ನೊಂದು ಆಂದೋಲಕವನ್ನು ಗುಣಾಕಾರದ ಅದೇ ಕಿಂಡಿಗೆ ಸೇರಿಸಲಿ. ಒಂದೇ ಕಿಂಡಿಗೆ ಬಂದ ಸಂಕೇತಗಳನ್ನು ಪ್ಯೂರ್ ಡೇಟಾ ತಾನೇ ಕೂಡುತ್ತದೆ. ಸೆಕೆಂಡಿಗೆ ಮೂರು ಬಾರಿ ಶಬ್ದ ಏರಿ ಇಳಿಯುತ್ತದೆ, ಇದೇ ವಿಸ್ಪಂದನ. ಒಂದು ತಂತಿ ಕಿತ್ತರೆ ಏರಿಳಿತ ನಿಲ್ಲುತ್ತದೆ. ಕೂಡುವ ಮೊದಲೇ ಒಂದರ ದಾರಿಯಲ್ಲಿ ಇನ್ನೊಂದು ಗುಣಾಕಾರವಿಟ್ಟು ಅದನ್ನಷ್ಟೇ ತಗ್ಗಿಸಿದರೆ? ಏರಿಳಿತದ ಆಳ ಕಡಿಮೆಯಾಗುತ್ತದೆ. ಪ್ರತಿ ಸಲವೂ ಕೇಳಿಸುವ ಮೊದಲು ಮಕ್ಕಳಿಂದ ಊಹೆ ಬರೆಸಬೇಕು. ಕಲಿಕೆ ನಡೆಯುವುದು ಊಹೆಗೂ ಕಿವಿಗೂ ತಾಳೆಯಾಗದ ಆ ಕ್ಷಣದಲ್ಲಿ.

ಹಾಗೆಂದು ಶ್ರುತಿಕವೆಯನ್ನು ಕಪಾಟಿಗೆ ಸೇರಿಸಬಾರದು. ವಸ್ತು ಕಂಪಿಸುತ್ತದೆ ಎಂಬುದನ್ನು ನೀರಿಗೆ ತಾಗಿಸಿದ ಕವೆಯೇ ಕಲಿಸಬೇಕು. ಪರದೆಯ ತಂತಿ ಗಾಳಿಯ ಮಾಧ್ಯಮವಲ್ಲ. ಇನ್ನೊಂದು ಎಚ್ಚರ: ಸ್ಪೀಕರ್ ಪೆಟ್ಟಿಗೆಗೆ ಹೋಗುವ ಸಂಕೇತ −1ರಿಂದ +1ರ ಒಳಗಿರಬೇಕು, ಮೀರಿದರೆ ಅಲೆಯ ತುದಿ ಕತ್ತರಿಸಿ ಶಬ್ದ ಒಡೆಯುತ್ತದೆ. ಕಿವಿಯ ಸುರಕ್ಷತೆಗೆ ಸಣ್ಣ ಸಂಖ್ಯೆಯಿಂದಲೇ ಆರಂಭಿಸಬೇಕು.

‘ಶಾಲೆಯಲ್ಲಿರುವುದೇ ಒಂದು ಕಂಪ್ಯೂಟರ್’ ಎಂಬ ಆಕ್ಷೇಪ ನಿಜ. ಆಗ ಗುಂಪುಗಳು ಮೊದಲು ಕಾಗದದ ಮೇಲೆ ಪೆಟ್ಟಿಗೆ, ತಂತಿ ಬರೆಯಲಿ. ಸರದಿಯಂತೆ ಬಂದು ಜೋಡಿಸಲಿ. ಮೌಸ್ ಮಾತ್ರ ನಮ್ಮ ಕೈಯಲ್ಲಿರಬಾರದು. ನಮ್ಮ ಪಾಠ ವೀಕ್ಷಿಸುವ ಅಧ್ಯಾಪಕರು ‘ತಂತ್ರಜ್ಞಾನ ಬಳಸಿದರೇ?’ ಎಂಬುದರ ಜೊತೆಗೆ ‘ಯಾರು ಬಳಸಿದರು?’ ಎಂದೂ ಕೇಳಿದರೆ ನಮ್ಮ ಪಾಠಯೋಜನೆಗಳೂ ಬದಲಾಗುತ್ತವೆ.