‘ಸಮಾಜಕ್ಕೆ ವಾಪಸ್ ಕೊಡು’ ಅನ್ನುವವರು ಬರೋಡದ ಕತೆ ಯಾಕೆ ಹೇಳಲ್ಲ?

ಫಲಿತಾಂಶದ ಸೀಸನ್ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಕತೆ. ಕೂಲಿಯವರ ಮಗಳು ರ‍್ಯಾಂಕ್ ಬಂದಳು, ಪೇಪರ್ ಹಾಕ್ತಿದ್ದ ಹುಡುಗ ಅಧಿಕಾರಿಯಾದ, ಈಗ ಸಮಾಜಕ್ಕೆ ವಾಪಸ್ ಕೊಡ್ತಾರಂತೆ. ಓದಿ ನನಗೂ ಖುಷಿಯಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಆ ಹುಡುಗಿಯ ಊಟಕ್ಕೆ, ಫೀಸಿಗೆ ದುಡ್ಡು ಎಲ್ಲಿಂದ ಬಂತು ಅನ್ನೋದು ಆ ಕತೆಗಳಲ್ಲಿ ಇರೋದೇ ಇಲ್ಲ.

ಅಂಬೇಡ್ಕರ್ ವಿಷಯದಲ್ಲೂ ಹೀಗೇ ಆಗಿದೆ. ಶಾಲೆಗೆ ಗೋಣಿತಟ್ಟು ಹೊತ್ತುಕೊಂಡು ಹೋಗಿ ಅದರ ಮೇಲೆ ಕೂತ ಹುಡುಗನ ಛಲವನ್ನು ಎಲ್ಲರೂ ಹೊಗಳ್ತಾರೆ. 1913ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದಲೇ ಅವರು ಕೊಲಂಬಿಯಾ ಸೇರಿದ್ದು. ಅದಕ್ಕೊಂದು ಷರತ್ತೂ ಇತ್ತು: ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದಲ್ಲಿ ಕೆಲಸ ಮಾಡಬೇಕು. 1917ರಲ್ಲಿ ಅವರು ಮಾತಿನಂತೆ ಬಂದರು. ಏನಾಯ್ತು? ಜವಾನರು ಫೈಲುಗಳನ್ನು ದೂರದಿಂದಲೇ ಎಸೆದರು. ಬಾಡಿಗೆಗೆ ಮನೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರದಲ್ಲಿದ್ದರೆ, ದೊಣ್ಣೆ ಹಿಡಿದು ಬಂದವರು ಹೊರಗಟ್ಟಿದರು. ಋಣ ತೀರಿಸೋಕೆ ಅವರು ತಯಾರಿದ್ದರು, ತೀರಿಸಿಕೊಳ್ಳಲು ಸಮಾಜವೇ ತಯಾರಿರಲಿಲ್ಲ.

ಅವರು ಆಮೇಲೆ ಕೊಟ್ಟಿದ್ದು ಬೇರೆ ದಾರಿಯಲ್ಲಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ, ಮರುವರ್ಷ ಸೊಲ್ಲಾಪುರದಲ್ಲಿ ಹಾಸ್ಟೆಲ್. ವೈಸರಾಯ್ ಕೌನ್ಸಿಲ್‌ನಲ್ಲಿದ್ದ ಕಾಲದಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ರಾಜನ ಕೃಪೆಯಿಂದ ಒಬ್ಬನಿಗೆ ಸಿಕ್ಕಿದ್ದು ಸರ್ಕಾರದ ನಿಯಮವಾಗಿ ಬಹಳ ಜನಕ್ಕೆ ಸಿಗುವಂತಾಯ್ತು.

ಆ ‘ಬಹಳ ಜನ’ದಲ್ಲಿ ನಾನೂ ಒಬ್ಬ. ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಮುಗಿಸಿದೆ. ಕೊನೆ ವರ್ಷದ ದುಡ್ಡು ಪರೀಕ್ಷೆ ಮುಗಿದ ಮೇಲೆ ಬಂತು, ಅಷ್ಟರಲ್ಲಿ ಅಮ್ಮನ ಓಲೆ ಅಡವಿಗೆ ಹೋಗಿತ್ತು. ನನ್ನ ‘ಛಲ’ದ ಕತೆಯಲ್ಲಿ ಆ ಓಲೆಗೂ ಪಾಲಿದೆ.

ಈಗ ಲೆಕ್ಕ ನೋಡಿ. ಕೇಂದ್ರದ ಈ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. 2020ರ ಡಿಸೆಂಬರ್‌ನಲ್ಲಿ ಯೋಜನೆ ಬದಲಿಸಿ ಕೇಂದ್ರ-ರಾಜ್ಯದ ಪಾಲು 60:40 ಅಂತ ಮಾಡಿದಾಗಲೂ ಈ ಮಿತಿ ಹಾಗೇ ಉಳಿಯಿತು. ಅಪ್ಪ ಅಮ್ಮ ಇಬ್ಬರೂ ದಿನಕ್ಕೆ ತಲಾ 400 ರೂಪಾಯಿಗೆ, ಭಾನುವಾರ ಬಿಟ್ಟು 313 ದಿನ ದುಡಿದರೆ 2,50,400 ಆಗುತ್ತೆ. ನಾನೂರು ರೂಪಾಯಿ ಹೆಚ್ಚಾಯ್ತು, ಮಗು ಹೊರಗೆ!

ಇನ್ನು ವಿದೇಶಿ ವ್ಯಾಸಂಗದ ರಾಷ್ಟ್ರೀಯ ವಿದ್ಯಾರ್ಥಿವೇತನ. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಅಧ್ಯಯನದ ಸಂಶೋಧನೆಗೆ ದುಡ್ಡಿಲ್ಲ ಅಂತ 2022ರ ಮಾರ್ಗಸೂಚಿ ಹೇಳಿತು. 1916ರ ಮೇ 9ರಂದು ಅಂಬೇಡ್ಕರ್ ನ್ಯೂಯಾರ್ಕ್‌ನಲ್ಲಿ ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಮೇಲೆಯೇ ಇತ್ತು. ಈ ನಿಯಮದಲ್ಲಾದರೆ ಅವರು ವಿಷಯ ಬದಲಿಸಬೇಕಿತ್ತು, ಇಲ್ಲವೇ ಮನೆಯಲ್ಲಿರಬೇಕಿತ್ತು. ವಾಪಸ್ ಕೊಡು, ಆದರೆ ನಮ್ಮ ಬಗ್ಗೆ ಪ್ರಶ್ನೆ ಕೇಳಬೇಡ ಅಂದಂತಾಯ್ತಲ್ಲ ಇದು?

ಕೆಲಸಕ್ಕೆ ಸೇರಿದ ನನ್ನ ಗೆಳೆಯರು ದುಡ್ಡು ಹಾಕಿ ನೋಟ್‌ಬುಕ್ ಹಂಚ್ತಾರೆ. ಹಂಚಲಿ, ಅದನ್ನು ಹಗುರವಾಗಿ ನೋಡೋ ಮನಸ್ಸು ನನಗಿಲ್ಲ. ಜೊತೆಗೆ ಇನ್ನೊಂದು ಕೆಲಸ ಮಾಡೋಣ. ನಿಮ್ಮ ತಾಲೂಕಿನ ಹಾಸ್ಟೆಲ್‌ಗೆ ಎಷ್ಟು ಅರ್ಜಿ ಬಂದವು, ಎಷ್ಟು ಮಂದಿಗೆ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಯಾವ ತಿಂಗಳು ಖಾತೆಗೆ ಬಿತ್ತು ಅಂತ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮಾತ್ರ. ಹಾಗಾಗಿ ಹಾಸ್ಟೆಲ್‌ಗೆ ಒಂದು, ಸ್ಕಾಲರ್‌ಶಿಪ್‌ಗೆ ಇನ್ನೊಂದು ಅರ್ಜಿ ಬರೆಯಿರಿ.