ಗುಂಡುಕಲ್ಲಿದ್ದಂಗಿವ್ನಿ

ಭಾನುವಾರ ರಾತ್ರಿ ಎಂಟೂವರೆಗೆ ಊರಿಗೆ ಫೋನ್. ‘ಊಟ ಆಯ್ತಾ ಅವ್ವ?’ ‘ಆಯ್ತು.’ ‘ಮಾತ್ರೆ?’ ‘ತಗಂಡೆ.’ ‘ಮಂಡಿ ನೋವು?’ ‘ನಂಗೇನಾಗೈತೆ ಕಣಪ್ಪ, ಗುಂಡುಕಲ್ಲಿದ್ದಂಗಿವ್ನಿ. ನೀನು ಹುಷಾರು.’ ನಾಲ್ಕು ನಿಮಿಷ. ಫೋನ್ ಇಟ್ಟು, ಮನಸ್ಸಿನಲ್ಲೇ ಟಿಕೆಟ್ ಕ್ಲೋಸ್ ಮಾಡಿ, ಓಟಿಟಿ ಹಾಕ್ಕೊಂಡು ಕೂರ್ತೀವಿ.

ಆಫೀಸಿನಲ್ಲಿ ಜೂನಿಯರ್ ಹುಡುಗ ಬಂದು ‘ಎಲ್ಲಾ ಸರಿಯಿದೆ ಸಾರ್’ ಅಂದರೆ ನಾವು ನಂಬಲ್ಲ, ಲಾಗ್ ತೋರಿಸು ಅಂತೀವಿ. ಹೆತ್ತವಳ ವಿಷಯಕ್ಕೆ ಬಂದರೆ ಒಂದು ಸಾಲಿನ ಸ್ಟೇಟಸ್ ಸಾಕು. ಆ ಗುಂಡುಕಲ್ಲು ಶುದ್ಧ ಸುಳ್ಳು, ಅದು ಸುಳ್ಳು ಅಂತ ನಮಗೂ ಗೊತ್ತು. ಅದನ್ನ ಹೇಳೋಕೆ ಅವರಿಗೆ ಕಲಿಸಿದವರು ಕೂಡ ನಾವೇ ಅನ್ನೋದು ನನ್ನ ತಕರಾರು.

ಹೋದ ದೀಪಾವಳಿಗೆ ನಾಲ್ಕು ದಿನ ಊರಲ್ಲಿದ್ದೆ. ಅವ್ವ ಮುದ್ದೆ ಮಾಡಲಿಲ್ಲ. ‘ಈಚೀಚೆಗೆ ಮುದ್ದೆ ಸೇರಲ್ಲ, ಅಜೀರ್ಣ’ ಅಂದಳು. ಎಪ್ಪತ್ತು ವರ್ಷ ಮುದ್ದೆ ಉಂಡ ಹೊಟ್ಟೆಗೆ ಈಗ ಅಜೀರ್ಣ! ಮೂರನೇ ದಿನ ಪಕ್ಕದ ಮನೆಯ ಚಿಕ್ಕಮ್ಮ ಮುದ್ದೆ ತಂದುಕೊಟ್ಟಾಗ ಎರಡು ತಿಂದಳು. ಆಗ ಗೊತ್ತಾಯಿತು, ತೊಂದರೆ ಹೊಟ್ಟೆಯದ್ದಲ್ಲ, ರಟ್ಟೆಯದ್ದು. ಕೋಲು ಹಿಡಿದು ತಿರುವೋಕೆ ಕೈಯಲ್ಲಿ ಕಸುವಿಲ್ಲ. ಸ್ನಾನ ವಾರಕ್ಕೆ ಎರಡೇ ಸಲ, ಚಿಕ್ಕಮ್ಮ ಬಂದು ತೊಟ್ಟಿಯಿಂದ ಹಂಡೆಗೆ ನೀರು ತುಂಬಿಕೊಟ್ಟ ದಿನ. ಸಂಜೆ ಐದರ ಮೇಲೆ ಒಂದು ಲೋಟ ನೀರೂ ಕುಡಿಯಲ್ಲ. ಯಾಕೆ? ಕಕ್ಕಸು ಇರೋದು ಹಿತ್ತಲಲ್ಲಿ, ಕೊಟ್ಟಿಗೆ ದಾಟಿ. ರಾತ್ರಿ ಎದ್ದು ಅಲ್ಲಿಗೆ ಹೋಗೋಕೆ ಭಯ. ಅದಕ್ಕೆ ಬಾಯಾರಿಕೊಂಡೇ ಮಲಗ್ತಾಳೆ.

ಇಷ್ಟಿಟ್ಟುಕೊಂಡು ‘ಚೆಂದಾಗಿವ್ನಿ’!

ಹಿಂದೆ ಪ್ರಾಜೆಕ್ಟ್ ಮೇಲೆ ಒಂದು ವರ್ಷ ಇಂಗ್ಲೆಂಡಿನಲ್ಲಿದ್ದಾಗ, ಟೀಮಿನಲ್ಲಿದ್ದ ಅಲ್ಲಿಯವನೊಬ್ಬ ತನ್ನ ತಾಯಿಯ ಜೊತೆ ಕೂತು ಕೌನ್ಸಿಲ್‌ನ ಫಾರ್ಮ್ ತುಂಬಿದ ಕಥೆ ಹೇಳಿದ್ದ. ಅವತ್ತು ಅರ್ಧ ಕಿವಿಯಲ್ಲಿ ಕೇಳಿದ್ದೆ. ದೀಪಾವಳಿ ಮುಗಿಸಿ ಬಂದಮೇಲೆ ಹುಡುಕಿ ಓದಿದೆ. ಅಲ್ಲಿ 2014ರ ಕೇರ್ ಆ್ಯಕ್ಟ್ ಇದೆ. ಆರೈಕೆ ಬೇಕಿರಬಹುದು ಅಂತ ಕಂಡ ಯಾವುದೇ ವಯಸ್ಕರ ಅಗತ್ಯವನ್ನ ಸ್ಥಳೀಯ ಕೌನ್ಸಿಲ್ ಅಳೆಯಲೇಬೇಕು. ದುಡ್ಡೆಷ್ಟಿದೆ, ಕಷ್ಟ ಎಷ್ಟು ದೊಡ್ಡದು ಅಂತ ಮೊದಲೇ ನೋಡಿ ಬಾಗಿಲು ಹಾಕೋ ಹಾಗಿಲ್ಲ. ಬೇಕಾದರೆ ಕೌನ್ಸಿಲ್‌ನ ಸಹಾಯ ಪಡೆದು ಆ ಅಳತೆಯನ್ನ ನೀವೇ ಮಾಡಿಕೊಳ್ಳಬಹುದು. ಊಟ, ಸ್ನಾನ, ಶೌಚ, ಬಟ್ಟೆ, ಮನೆಯೊಳಗೆ ಬೀಳದೆ ಓಡಾಡೋದು, ನೆಂಟರಿಷ್ಟರ ಜೊತೆ ಸಂಬಂಧ ಉಳಿಸಿಕೊಳ್ಳೋದು, ಬಸ್ಸು ಹತ್ತಿ ಹೊರಗೆ ಹೋಗೋದು, ಹೀಗೆ ಒಟ್ಟು ಹತ್ತು ಬಾಬತ್ತು. ಕಾಯಿಲೆ ಅಥವಾ ಅಂಗವೈಕಲ್ಯದಿಂದ ಇವುಗಳಲ್ಲಿ ಎರಡಾದರೂ ಕೈಲಾಗದೆ, ಅದರಿಂದ ಬದುಕಿಗೆ ದೊಡ್ಡ ಪೆಟ್ಟು ಬೀಳ್ತಿದ್ದರೆ ನೆರವಿಗೆ ಅರ್ಹರು.

ನನ್ನನ್ನ ಹಿಡಿದು ನಿಲ್ಲಿಸಿದ್ದು ‘ಕೈಲಾಗಲ್ಲ’ ಅನ್ನೋದಕ್ಕೆ ಅವರು ಕೊಟ್ಟ ಅರ್ಥ. ಇನ್ನೊಬ್ಬರ ಸಹಾಯವಿಲ್ಲದೆ ಆಗದಿದ್ದರೆ ಕೈಲಾಗಲ್ಲ, ಸರಿ. ಒಬ್ಬರೇ ಮಾಡಿಕೊಂಡರೂ ತುಂಬ ನೋವೋ ಆತಂಕವೋ ಆದರೆ, ಅದೂ ಕೈಲಾಗಲ್ಲ ಅಂತಲೇ ಲೆಕ್ಕ. ಮಾಡೋಕೆ ಹೋದರೆ ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಿದ್ದರೂ ಅಷ್ಟೇ, ಬೇರೆಯವರಿಗಿಂತ ತೀರಾ ಹೆಚ್ಚು ಹೊತ್ತು ಹಿಡಿದರೂ ಅಷ್ಟೇ. ಈ ಲೆಕ್ಕದಲ್ಲಿ ನಮ್ಮವ್ವನಿಗೆ ಕಕ್ಕಸಿಗೆ ಹೋಗೋಕಾಗಲ್ಲ. ಅವಳ ಲೆಕ್ಕದಲ್ಲಿ ಆಗುತ್ತೆ, ಬಾಯಾರಿಕೊಂಡಿದ್ದರಾಯ್ತು.

ಇಂಗ್ಲೆಂಡ್ ಸ್ವರ್ಗ ಅಂತ ಹೇಳ್ತಿಲ್ಲ. ಅರ್ಹರು ಅಂತಾದ ಮೇಲೆ ಆಸ್ತಿ ಲೆಕ್ಕ ಶುರುವಾಗುತ್ತೆ, 23,250 ಪೌಂಡಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಖರ್ಚು ನಿಮ್ಮದೇ. ಕೌನ್ಸಿಲ್‌ಗಳಿಗೂ ದುಡ್ಡಿನ ಬರ, ಕಾಯಬೇಕು. ಆದರೆ ಪ್ರಶ್ನೆ ಕೇಳೋಕಾದರೂ ಒಬ್ಬರಿದ್ದಾರೆ.

ನಮ್ಮಲ್ಲಿ? 2007ರ ಪಾಲಕರ ಪೋಷಣಾ ಕಾಯ್ದೆ ಇದೆ. ಮಗ ನೋಡಿಕೊಳ್ಳದಿದ್ದರೆ ಎಸಿ ಮುಂದೆ ದೂರು ಕೊಡಿ, ತಿಂಗಳಿಗೆ 10,000 ರೂಪಾಯಿ ಮೀರದ ಜೀವನಾಂಶ ಕೊಡಿಸಬಹುದು ಅನ್ನುತ್ತೆ. ನಾನು ಅದಕ್ಕಿಂತ ಹೆಚ್ಚೇ ಕಳಿಸ್ತೀನಿ, ಹಾಗಾಗಿ ಕಾನೂನಿನ ಕಣ್ಣಲ್ಲಿ ಶ್ರವಣಕುಮಾರ. ಅಂಗವೈಕಲ್ಯದ ಸರ್ಟಿಫಿಕೇಟ್ ಇನ್ನೊಂದು ಕಥೆ, ಅಲ್ಲಿ ದೇಹವನ್ನ ಶೇಕಡಾವಾರು ಅಳೀತಾರೆ, ಗಡಿ 40. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ, ಹೆಚ್ಚಿನ ನೆರವು ಬೇಕು ಅಂತ ತಮಗೇ ಅನಿಸಿದವರು ಅರ್ಜಿ ಹಾಕಬಹುದು ಅಂತಲೂ ಇದೆ. ಒಳ್ಳೇ ಮಾತು. ಆದರೆ ಅದೂ ಆ 40 ದಾಟಿದವರಿಗೆ. ಸುಮ್ಮನೆ ವಯಸ್ಸಾಗಿ ರಟ್ಟೆ ಸೋತವರನ್ನ ‘ನಿನ್ನೆ ಸ್ನಾನ ಆಯ್ತಾ?’ ಅಂತ ಕೇಳೋಕೆ ಯಾವ ಆಫೀಸೂ ಇಲ್ಲ.

‘ಅದೆಲ್ಲ ಅವರ ಸಂಸ್ಕೃತಿ, ನಮ್ಮಲ್ಲಿ ಮಕ್ಕಳು ನೋಡ್ಕೋತಾರೆ’ ಅನ್ನೋರಿಗೆ ಒಂದು ಪ್ರಶ್ನೆ. ಯಾವ ಮಕ್ಕಳು ಸ್ವಾಮಿ? ನೋಡಿಕೊಳ್ಳೋದು ಸೊಸೆ, ಊರಲ್ಲೇ ಉಳಿದ ತಂಗಿ, ಪಕ್ಕದ ಮನೆ ಚಿಕ್ಕಮ್ಮ. ನಮ್ಮ ಚಿಕ್ಕಮ್ಮನಿಗೇ ಅರವತ್ತು ದಾಟಿದೆ, ಬಿಂದಿಗೆ ಹೊತ್ತು ಅವಳ ಸೊಂಟ ಹಿಡಿದಿದೆ. ಇಂಗ್ಲೆಂಡಿನ ಕಾಯ್ದೆಯಲ್ಲಿ ನೋಡಿಕೊಳ್ಳೋರಿಗೂ ‘ನನಗೇನು ಬೇಕು’ ಅಂತ ಹೇಳಿಕೊಳ್ಳೋ ಹಕ್ಕಿದೆ. ನಾನು ಚಿಕ್ಕಮ್ಮನಿಗೆ ಕೊಟ್ಟಿದ್ದು ಹಬ್ಬಕ್ಕೊಂದು ಸೀರೆ.

ಇನ್ನು ಸುಳ್ಳಿನ ಮಾತು. ಆ ಹತ್ತು ಬಾಬತ್ತು ಬರೆದುಕೊಂಡು ಸಂಕ್ರಾಂತಿಗೆ ಊರಿಗೆ ಹೋಗಿ ಅವ್ವನ ಮುಂದೆ ಕೂತೆ. ಮೂರನೇ ಪ್ರಶ್ನೆಗೇ ರೇಗಿದಳು. ‘ಏನ್ಲಾ, ನನ್ನ ಪರೀಕ್ಷೆ ಮಾಡಕ್ಕೆ ಬಂದಿದಿಯಾ? ಆಗಲ್ಲ ಅಂದ್ರೆ ಬೆಂಗಳೂರಿಗೆ ಎತ್ತಾಕ್ಕೊಂಡು ಹೋಗ್ತೀಯ, ಅಷ್ಟೇ ತಾನೆ?’

ಅಲ್ಲಿಗೆ ನನಗೆ ಅರ್ಥವಾಯಿತು. ಹತ್ತು ವರ್ಷದಿಂದ ‘ಕಷ್ಟ ಆದ್ರೆ ಬೆಂಗಳೂರಿಗೆ ಬಂದ್ಬಿಡವ್ವ’ ಅಂತ ಪ್ರೀತಿಯಿಂದಲೇ ಹೇಳ್ತಾ ಬಂದಿದ್ದೆ. ಅವಳಿಗೆ ಅದು ಬೆದರಿಕೆಯಾಗಿ ಕೇಳ್ತಿತ್ತು. ಕೈಲಾಗಲ್ಲ ಅಂತ ಒಪ್ಪಿಕೊಂಡರೆ ಮನೆ, ಹಿತ್ತಲು, ತೆಂಗಿನಮರ, ಚಿಕ್ಕಮ್ಮ ಎಲ್ಲ ಹೋಗಿ ಒಂಬತ್ತನೇ ಮಹಡಿಯ ಬಾಲ್ಕನಿ ಗತಿ. ನಿಜ ಹೇಳಿದ್ದಕ್ಕೆ ಈ ಶಿಕ್ಷೆ ಆದರೆ ಯಾರು ತಾನೇ ನಿಜ ಹೇಳ್ತಾರೆ? ನಾನಾಗಿದ್ದರೂ ಗುಂಡುಕಲ್ಲೇ.

‘ನೀನು ಕರೆದ್ರೂ ನಾನು ಎತ್ತಾಕ್ಕೊಂಡು ಹೋಗಲ್ಲ’ ಅಂತ ಮಾತು ಕೊಟ್ಟ ಮೇಲೆ ಬಾಯಿ ಬಿಟ್ಟಳು. ಪ್ರಶ್ನೆಯನ್ನೂ ಬದಲಾಯಿಸಿದೆ. ‘ಆಗುತ್ತಾ?’ ಅನ್ನೋದು ಬಿಟ್ಟು ‘ನಿನ್ನೆ ಏನು ಮಾಡ್ದೆ, ಎಷ್ಟೊತ್ತಾಯ್ತು, ಹೋದ ತಿಂಗಳು ತೀರಾ ಕೆಟ್ಟ ದಿನ ಯಾವುದು?’ ಅಂತ ಕೇಳಿದೆ. ಅವಳು ಹೇಳಿದಳು, ನಾನು ಬರೆದೆ. ಎರಡು ಗಂಟೆ ಹಿಡಿಯಿತು.

ನನ್ನ ತಲೆಯಲ್ಲಿದ್ದ ಪಟ್ಟಿ ಬೇರೆ: ಸಿಸಿಟಿವಿ, ಸ್ಮಾರ್ಟ್‌ವಾಚ್, ಏಜೆನ್ಸಿಯ ಹೋಮ್ ನರ್ಸ್. ಅವಳ ಪಟ್ಟಿಯಲ್ಲಿ ಇವು ಒಂದೂ ಇಲ್ಲ. ಒಳಗೇ ಒಂದು ಕಕ್ಕಸು, ಬಚ್ಚಲಲ್ಲೇ ನಲ್ಲಿ, ಬೆಳಗ್ಗೆ ಒಂದು ಗಂಟೆ ಬಂದು ಮುದ್ದೆ ಮಾಡಿಟ್ಟು ಹೋಗೋಕೆ ಒಬ್ಬರು. ‘ಬಿಟ್ಟಿ ಬ್ಯಾಡ, ಸಂಬಳ ಕೊಡು. ಬಿಟ್ಟಿ ಮಾಡೋರಿಗೆ ಉಪ್ಪು ಕಮ್ಮಿ ಅನ್ನಕ್ಕಾಗಲ್ಲ’ ಅಂದಳು. ಆಮೇಲೆ, ನಾನು ಕೇಳದೆಯೇ, ಹದಿನಾಲ್ಕು ಕಿಲೋಮೀಟರ್ ದೂರದ ಅಕ್ಕನ ಊರಿಗೆ ತಿಂಗಳಿಗೊಂದು ಸಲ ಹೋಗಿಬರಬೇಕು ಅಂದಳು. ಹೋಗಿ ಎರಡು ವರ್ಷವಾಗಿತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ಕಕ್ಕಸು, ನಲ್ಲಿ ಎರಡೂ ಆದವು. ದುಡ್ಡಿನಿಂದ ಆಗುವಂಥದ್ದು ಯಾವಾಗಲೂ ಬೇಗ ಆಗುತ್ತೆ. ಮುದ್ದೆಗೆ ಚಿಕ್ಕಮ್ಮನ ಸೊಸೆ ಸಂಬಳಕ್ಕೆ ಬರ್ತಾಳೆ. ಅಕ್ಕನ ಊರಿಗೆ ಹೋಗೋದು ಮಾತ್ರ ಇನ್ನೂ ಆಗಿಲ್ಲ. ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸೇನೋ ಹೆಂಗಸರಿಗೆ ಫ್ರೀ. ಆದರೆ ಬಸ್ಸಿನ ಮೊದಲನೇ ಮೆಟ್ಟಿಲು ಅವ್ವನ ಮಂಡಿಗಿಂತ ಎತ್ತರದಲ್ಲಿದೆ.